ಮೊಬೈಲಿನೊಳಗಿನ ಕಾಟ

ಮಕ್ಕಳು ಮಕ್ಕಳನ್ನು ಕಾಡಿಸುವುದು ಹೊಸದೇನಲ್ಲ. ನಾವು ಚಿಕ್ಕವರಿದ್ದಾಗಲೂ ಅಡ್ಡಹೆಸರು ಇಟ್ಟು ಕೂಗುವವರು ಇದ್ದರು. ಕುಳ್ಳ, ಕರಿಯ, ಡುಮ್ಮಿ ಅಂತ. ಜಡೆ ಎಳೆಯುವವರು ಇದ್ದರು. ಚೀಲ ಬಚ್ಚಿಡುವವರು ಇದ್ದರು. ಆದರೆ ಸಂಜೆ ಶಾಲೆಯ ಗಂಟೆ ಹೊಡೆದರೆ ಮುಗೀತು. ಮನೆಯ ಹೊಸ್ತಿಲು ದಾಟಿ ಆ ಕಾಟ ಒಳಗೆ ಬರುತ್ತಿರಲಿಲ್ಲ.

ಈಗ ಬರುತ್ತದೆ. ಮೊಬೈಲಿನ ಜೊತೆ ಬರುತ್ತದೆ. ಊಟಕ್ಕೆ ಕೂತಾಗ ಬರುತ್ತದೆ. ರಾತ್ರಿ ಕಂಬಳಿಯ ಒಳಗೂ ಬರುತ್ತದೆ.

ನಮ್ಮ ಮನೆಗಳಿಗೆ ಮೊಬೈಲು ಹೇಗೆ ಬಂತು, ನೆನಪಿದೆಯೇ? 2020ರಲ್ಲಿ ಕೊರೊನಾ ಬಂತು. ಶಾಲೆ ಮುಚ್ಚಿತು. ಪಾಠ ಫೋನಿನಲ್ಲಿ ಬರುತ್ತದೆ ಅಂದರು. ಒಬ್ಬರು ಕುರಿ ಮಾರಿದರು. ಒಬ್ಬರು ಸಂಘದಲ್ಲಿ ಸಾಲ ತೆಗೆದರು. ಹೇಗೋ ಒಂದು ಫೋನು ಕೊಂಡರು. ಆಮೇಲೆ ಶಾಲೆ ತೆರೆಯಿತು. ಫೋನು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಕೊಂಡವರು ನಾವು. ಅದರ ಒಳಗೆ ಏನಿದೆ ಎಂದು ಗೊತ್ತಿರುವವರು ಮಕ್ಕಳು.

ಈ ಕಾಟಕ್ಕೆ ಹಲವು ವೇಷ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರನ್ನೇ ಗುರಿ ಮಾಡಿ ಆಡಿಕೊಳ್ಳುತ್ತಾರೆ. ಗುಂಪಿನಿಂದ ಒಬ್ಬರನ್ನೇ ಹೊರಗೆ ಹಾಕಿ, ಹಾಕಿದ್ದನ್ನು ಶಾಲೆಯಲ್ಲಿ ಹೇಳಿ ನಗುತ್ತಾರೆ. ಫೋಟೋ ಕದ್ದು ಅದಕ್ಕೆ ಬೇರೆ ಮೈ ಅಂಟಿಸುತ್ತಾರೆ. ಹುಡುಗಿಯ ಹೆಸರಿನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಸುಳ್ಳು ಖಾತೆ ತೆರೆದು, ಅವಳೇ ಬರೆದ ಹಾಗೆ ಬರೆಯುತ್ತಾರೆ. ಫ್ರೀ ಫೈರ್‌ನಂಥ ಆಟ ಆಡುವಾಗ ಗುರುತಿಲ್ಲದವರು ಜಾತಿ ಎತ್ತಿ, ತಾಯಿಯ ಹೆಸರು ಎತ್ತಿ ಬೈಯುತ್ತಾರೆ. ಬೈದವನ ಮುಖ ಕಾಣುವುದಿಲ್ಲ. ಮಗು ಅಳುವುದು ಅವನಿಗೂ ಕಾಣುವುದಿಲ್ಲ. ಎದುರಿಗೆ ಆಡಲಾಗದ ಮಾತನ್ನು ಫೋನಿನಲ್ಲಿ ಸಲೀಸಾಗಿ ಆಡುವುದು ಇದಕ್ಕೇ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿಯ ವಿಷಯ ಹೇಳುತ್ತೇವೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ಅವರ ಮಗಳು ಒಂಬತ್ತನೇ ತರಗತಿ. ಚೆನ್ನಾಗಿ ಓದುತ್ತಿದ್ದ ಹುಡುಗಿ. ಇದ್ದಕ್ಕಿದ್ದ ಹಾಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನತೊಡಗಿದಳು. ತಾಯಿ ಜೀರಿಗೆ ಕಷಾಯ ಕೊಟ್ಟರು. ದೃಷ್ಟಿ ತೆಗೆದರು. ಆಸ್ಪತ್ರೆಗೂ ಕರೆದುಕೊಂಡು ಹೋದರು. ಡಾಕ್ಟರು ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಭಾನುವಾರ ನೋವು ಬರುತ್ತಿರಲಿಲ್ಲ. ಅದನ್ನು ತಾಯಿ ಗಮನಿಸಿದರು. ಇನ್ನೊಂದೂ ಗಮನಿಸಿದರು. ಫೋನು ಸದ್ದು ಮಾಡಿದರೆ ಮಗಳು ಬೆಚ್ಚುತ್ತಿದ್ದಳು. ಫೋನನ್ನು ಮುಖ ಕೆಳಗೆ ಮಾಡಿ ಇಡುತ್ತಿದ್ದಳು.

ಒಂದು ರಾತ್ರಿ ಮಗಳು ಅಳುತ್ತಾ ನಿದ್ದೆ ಹೋಗಿದ್ದಳು. ಫೋನು ಪಕ್ಕದಲ್ಲಿ ಬೆಳಗುತ್ತಿತ್ತು. ತಾಯಿ ಎತ್ತಿಕೊಂಡರು. ಸಂದೇಶವೆಲ್ಲ ಇಂಗ್ಲಿಷ್ ಅಕ್ಷರದಲ್ಲಿತ್ತು. ಗುಂಪಿನ ಹೆಸರು ಮಾತ್ರ ಕನ್ನಡದಲ್ಲಿತ್ತು. ಅವರು ಆಗ ತಾನೇ ಒತ್ತಕ್ಷರ ಕಲಿಯುತ್ತಿದ್ದರು. ಕೂಡಿಸಿ ಕೂಡಿಸಿ ಓದಿದರು. ಎ. ಮ್ಮೆ. ಎಮ್ಮೆ. ಕೆಳಗೆ ಮಗಳ ಫೋಟೋ. ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿದದ್ದು. ಅದಕ್ಕೆ ಕೊಂಬು ಬರೆದಿದ್ದರು. ಅದನ್ನು ಸ್ಟಿಕರ್ ಮಾಡಿದ್ದರು. ಮಗಳು ಏನು ಬರೆದರೂ ಉತ್ತರವಾಗಿ ಆ ಸ್ಟಿಕರನ್ನೇ ಹತ್ತಾರು ಜನ ಕಳಿಸುತ್ತಿದ್ದರು.

ಬೆಳಿಗ್ಗೆ ತಾಯಿ ಕೇಳಿದರು, “ಇದ್ಯಾಕವ್ವಾ, ಎಮ್ಮೆ ಅಂತ ಬರ್ದವ್ರೆ?”

“ಅದು ನಾನೇ ಕಣವ್ವ.”

“ನಂಗ್ಯಾಕೆ ಹೇಳ್ನಿಲ್ಲ ನೀನು?”

“ಹೇಳಿದ್ರೆ ಫೋನು ಕಿತ್ಕೊತಿದ್ದೆ. ಶಾಲೆ ಬುಡುಸ್ತಿದ್ದೆ.”

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಮಕ್ಕಳು ಬಾಯಿ ಬಿಡದೆ ಇರುವುದಕ್ಕೆ ಮುಖ್ಯ ಕಾರಣ ಇದೇ. ಕಾಟ ಕೊಟ್ಟವರಿಗಿಂತ ಅಪ್ಪ ಅವ್ವನ ಭಯ ಹೆಚ್ಚು. ಹೆಣ್ಣುಮಕ್ಕಳಿಗಂತೂ ಓದು ನಿಲ್ಲಿಸಿ ಮದುವೆ ಮಾಡಿಬಿಡುತ್ತಾರೆ ಎಂಬ ಭಯವೂ ಇರುತ್ತದೆ. ಅದು ಸುಳ್ಳು ಭಯವಲ್ಲ. ನಮ್ಮ ಊರುಗಳಲ್ಲಿ ಹಾಗೆ ಮಾಡಿದವರು ಇದ್ದಾರೆ. ತಪ್ಪು ಮಾಡಿದವರು ಬೇರೆಯವರು, ಶಿಕ್ಷೆ ನಮ್ಮ ಮಗಳಿಗೆ. ಇದು ಯಾವ ನ್ಯಾಯ?

ಆದ್ದರಿಂದ ಮಗು ಹೇಳಿದ ಕೂಡಲೇ “ನಿನಗೆ ಯಾರು ಫೋಟೋ ಹಾಕು ಅಂದವರು?” ಎಂದು ಕೇಳಬೇಡಿ. ಪೂರ್ತಿ ಕೇಳಿಸಿಕೊಳ್ಳಿ. “ನೀನು ಹೇಳಿದ್ದು ಒಳ್ಳೇದಾಯ್ತು, ಇಬ್ಬರೂ ಸೇರಿ ನೋಡೋಣ” ಅನ್ನಿ. ಫೋನು ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಆ ಗುಂಪೇನೂ ಮುಚ್ಚುವುದಿಲ್ಲ. ಮುಂದೆ ಏನಾದರೂ ಆದರೆ ಮಗು ಹೇಳುವುದಿಲ್ಲ, ಅಷ್ಟೇ.

ಓದಲು ಬಾರದ ಸಂದೇಶ ಇದ್ದರೆ ಮಗುವನ್ನೇ ಗಟ್ಟಿಯಾಗಿ ಓದಿಸಿ. ಮಕ್ಕಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಅದನ್ನು ನೋಡಿ ಹೆದರಬೇಡಿ. ಕಿವಿಗೆ ಬಿದ್ದರೆ ನಮ್ಮ ಮಾತೇ. ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಲೂ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಎಂಬುದನ್ನು ಹುಡುಕಿ, ಕನ್ನಡ ಆರಿಸಿ. ಅಕ್ಷರ ಕಲಿತ ಮೇಲೆ ಇಷ್ಟಾದರೂ ಉಪಯೋಗ ಬೇಡವೇ?

ಇನ್ನು ಮುಖ್ಯವಾದ ಕೆಲಸ. ಸಾಕ್ಷಿ ಉಳಿಸಿಕೊಳ್ಳಬೇಕು. ಸಿಟ್ಟಿನಲ್ಲಿ ಮಕ್ಕಳು ಎಲ್ಲವನ್ನೂ ಅಳಿಸಿಬಿಡುತ್ತಾರೆ. ಕಳಿಸಿದವರೂ ಅಳಿಸುತ್ತಾರೆ. ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ ಎರಡು ದಿನದವರೆಗೂ ಎಲ್ಲರ ಫೋನಿನಿಂದ ಅಳಿಸಲು ಬರುತ್ತದೆ. ಸ್ಟೇಟಸ್ ಆದರೆ 24 ಗಂಟೆಗೆ ತಾನೇ ಮಾಯವಾಗುತ್ತದೆ. ಹಾಗಾಗಿ ನೋಡಿದ ಕೂಡಲೇ ಪರದೆಯ ಚಿತ್ರ ತೆಗೆದಿಡಿ. ಇದಕ್ಕೆ ಸ್ಕ್ರೀನ್‌ಶಾಟ್ ಅನ್ನುತ್ತಾರೆ. ಹೆಚ್ಚಿನ ಫೋನುಗಳಲ್ಲಿ ಫೋನು ಆನ್ ಮಾಡುವ ಗುಂಡಿ ಮತ್ತು ಸದ್ದು ಕಡಿಮೆ ಮಾಡುವ ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿದರೆ ಚಿತ್ರ ಬರುತ್ತದೆ. ಬರದಿದ್ದರೆ ಬೇರೆ ಫೋನಿನಿಂದ ಫೋಟೋ ತೆಗೆಯಿರಿ. ಕಳಿಸಿದವರ ನಂಬರು, ತಾರೀಖು, ಗಂಟೆ ಕಾಣಬೇಕು. ಅವನ್ನೇ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ. ನಮ್ಮ ಆ ತಾಯಿ ಹಾಗೇ ಮಾಡಿದರು. ವರ್ಣಮಾಲೆ ತಿದ್ದಿದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದರು.

ಒಂದು ಎಚ್ಚರಿಕೆ. ಮಗುವಿನ ಬೆತ್ತಲೆ ಚಿತ್ರವೋ ಅಂಥ ವಿಡಿಯೋವೋ ಆಗಿದ್ದರೆ ಅದನ್ನು ಯಾರಿಗೂ ಕಳಿಸಬೇಡಿ. “ನೋಡಿ, ಹೀಗೆ ಮಾಡಿದ್ದಾರೆ” ಎಂದು ಚಿಕ್ಕಪ್ಪನಿಗೂ ಕಳಿಸಬೇಡಿ, ಮೇಷ್ಟರಿಗೂ ಕಳಿಸಬೇಡಿ. ಅದರ ಪ್ರತಿಯನ್ನೂ ತೆಗೆಯಬೇಡಿ. ಮಕ್ಕಳ ಅಂಥ ಚಿತ್ರ ಕಳಿಸುವುದೂ ಕಾನೂನಿನಲ್ಲಿ ಅಪರಾಧ, ಇಟ್ಟುಕೊಳ್ಳುವುದೂ ಅಪರಾಧ. ಫೋನನ್ನೇ ತೆಗೆದುಕೊಂಡು ನೇರ ಪೊಲೀಸರ ಹತ್ತಿರ ಹೋಗಿ.

ಸಾಕ್ಷಿ ಸಿಕ್ಕ ಮೇಲೆ ಆ ನಂಬರನ್ನು ತಡೆಯಬಹುದು. ಬ್ಲಾಕ್ ಮಾಡುವುದು ಅಂದರೆ ಇದೇ. ಅವರಿಗೆ ಅದರ ಸುದ್ದಿ ಹೋಗುವುದಿಲ್ಲ. ಕಂಪನಿಗೆ ದೂರು ಕೊಡುವ ರಿಪೋರ್ಟ್ ಗುಂಡಿಯೂ ಅಲ್ಲೇ ಇದೆ. ಮೊದಲು ಚಿತ್ರ ತೆಗೆದಿಟ್ಟು ಆಮೇಲೆ ಒತ್ತಿ. ಏಕೆಂದರೆ ಒತ್ತಿದಾಗ ಹಳೆಯ ಮಾತುಕತೆ ಅಳಿಸಿಹೋಗಬಹುದು. ಗೊತ್ತಿಲ್ಲದವರು ಮಗುವನ್ನು ಗುಂಪಿಗೆ ಸೇರಿಸದ ಹಾಗೂ ಮಾಡಬಹುದು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಗ್ರೂಪ್ಸ್. ಅಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಎಂಬುದನ್ನು ಆರಿಸಿ. ಕನ್ನಡಕ್ಕೆ ಬದಲಿಸಿದ್ದರೆ ಇವೇ ಮಾತುಗಳು ಕನ್ನಡದಲ್ಲಿ ಕಾಣುತ್ತವೆ. ಇನ್ನೊಂದು ಮಾತು. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡರ ನಿಯಮದಲ್ಲೂ 13 ವರ್ಷ ತುಂಬದವರು ತಾವೇ ಖಾತೆ ತೆರೆಯುವ ಹಾಗಿಲ್ಲ. ನಾಲ್ಕನೇ ತರಗತಿಯ ಹುಡುಗನಿಗೆ ಸುಳ್ಳು ವಯಸ್ಸು ಹಾಕಿ ಖಾತೆ ತೆರೆದುಕೊಡುವ ಅಪ್ಪಂದಿರನ್ನು ನೋಡಿದ್ದೇವೆ. ಇದು ನಮಗೆ ಸರಿ ಕಾಣುವುದಿಲ್ಲ.

ಆಮೇಲೆ ಶಾಲೆ. ಒಂದೇ ಶಾಲೆಯ ಮಕ್ಕಳಾಗಿದ್ದರೆ ಮೊದಲು ಮುಖ್ಯೋಪಾಧ್ಯಾಯರನ್ನು ನೋಡಿ. ಕಾಡಿಸಿದ ಮಗುವಿನ ಮನೆ ಮುಂದೆ ಹೋಗಿ ಜಗಳ ತೆಗೆಯಬೇಡಿ. ಜಗಳ ತೆಗೆದರೆ ಎರಡು ಮನೆ, ಎರಡು ಬೀದಿ, ಕೊನೆಗೆ ಎರಡು ಜಾತಿಯ ಜಗಳವಾಗುತ್ತದೆ. ಮಗುವಿನ ಮಾತು ಎಲ್ಲೋ ಕಳೆದುಹೋಗುತ್ತದೆ. ಮುಖ್ಯೋಪಾಧ್ಯಾಯರು ಕಿವಿಗೊಡದಿದ್ದರೆ ಎಸ್‌ಡಿಎಂಸಿ ಅಧ್ಯಕ್ಷರಿಗೆ ಹೇಳಿ. ಅವರೂ ನಿಮ್ಮ ಹಾಗೆ ಮಕ್ಕಳನ್ನು ಶಾಲೆಗೆ ಕಳಿಸಿದವರೇ.

ನಮ್ಮ ಆ ತಾಯಿ ನೋಟ್‌ಬುಕ್ಕು, ಫೋನು ಎರಡನ್ನೂ ಹಿಡಿದು ಶಾಲೆಗೆ ಹೋದರು. ಸ್ಟಿಕರ್ ಮಾಡಿದವಳು ಯಾರು ಗೊತ್ತೇ? ಮಗಳ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಗೆಳತಿ. “ತಮಾಷೆಗೆ ಮಾಡಿದೆ ಮಿಸ್” ಅಂದಳು. ಅವಳ ತಾಯಿಯೂ ಬಂದರು. ಗುಂಪು ಅಳಿಸಿದರು. ಎಲ್ಲ ಸರಿಹೋಯಿತು ಎಂದು ಹೇಳಲಾರೆವು. ಹುಡುಗಿ ಹೊಟ್ಟೆನೋವು ಅನ್ನುವುದನ್ನು ಬಿಟ್ಟಿದ್ದಾಳೆ. ಆದರೆ ಬೆಂಚು ಬದಲಿಸಿಕೊಂಡಿದ್ದಾಳೆ. ಈ ವರ್ಷ ಕುಣಿಯಲು ಒಪ್ಪಲಿಲ್ಲ.

ಆ ಇನ್ನೊಬ್ಬ ತಾಯಿಯ ಬಗ್ಗೆಯೂ ಒಂದು ಮಾತು. ನಮ್ಮ ಮಗುವೇ ಕಾಡಿಸುತ್ತಿದ್ದರೆ? ಈ ಪ್ರಶ್ನೆ ಯಾರೂ ಕೇಳಿಕೊಳ್ಳುವುದಿಲ್ಲ. ಎಲ್ಲರ ಮನೆಯ ಮಕ್ಕಳೂ ಕಾಟ ತಿಂದವರೇ ಆದರೆ ಕೊಟ್ಟವರು ಯಾರ ಮನೆಯವರು? ಆ ತಾಯಿ ಮಗಳನ್ನು ಹೊಡೆಯಲಿಲ್ಲ. “ನನ್ನ ಮಗಳು ಅಂಥವಳಲ್ಲ” ಎಂದು ವಾದಕ್ಕೂ ನಿಲ್ಲಲಿಲ್ಲ. ಸ್ಟಿಕರನ್ನು ಯಾರ್ಯಾರಿಗೆ ಕಳಿಸಿದ್ದಳೋ ಅವರಿಗೆಲ್ಲ ಅಳಿಸಲು ಹೇಳಿಸಿದರು. ಗೆಳತಿಯ ಮನೆಗೆ ಕರೆದುಕೊಂಡು ಹೋಗಿ ಕ್ಷಮೆ ಕೇಳಿಸಿದರು. ಅವರ ಬಗ್ಗೆ ನಮಗೆ ಗೌರವವಿದೆ. ಮಕ್ಕಳು ಇದನ್ನೆಲ್ಲ ಎಲ್ಲಿಂದ ಕಲಿಯುತ್ತಾರೆ? ನಾವು ದೊಡ್ಡವರು ಊರಿನ ಗುಂಪಿನಲ್ಲಿ ಯಾರದೋ ಸೊಸೆಯ ಫೋಟೋ ಹಾಕಿ ನಗುವುದಿಲ್ಲವೇ? ನಪಾಸಾದ ಹುಡುಗನ ಅಂಕಪಟ್ಟಿ ಹಂಚುವುದಿಲ್ಲವೇ?

ಇನ್ನು ಪೊಲೀಸು. ಎಲ್ಲ ಕೀಟಲೆಯೂ ಪೊಲೀಸ್ ಕೇಸಲ್ಲ. ಕೊಲ್ಲುವ ಬೆದರಿಕೆ, ಹಣ ಕೇಳುವುದು, ಅಶ್ಲೀಲ ಚಿತ್ರ, ಸುಳ್ಳು ಖಾತೆ ಇವು ಮಾತ್ರ ಅಪರಾಧವೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದೆ. ಮಕ್ಕಳ ಅಶ್ಲೀಲ ಚಿತ್ರ ಹಂಚಿದವರಿಗೆ ಅದರ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಇದೆ, ಗಂಡುಮಕ್ಕಳಿಗೂ ಇದೆ. ಈ ಕಾಯ್ದೆಯಡಿ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಹೇಳಿದ ಜಾಗದಲ್ಲಿ ಬರೆದುಕೊಳ್ಳಬೇಕು. ಆಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಮಗುವಿನ ಹೆಸರು ಪತ್ರಿಕೆಯಲ್ಲಿ ಬರಬಾರದು. “ಠಾಣೆ ಹತ್ತಿದರೆ ಮಾನ ಹೋಗುತ್ತದೆ” ಎಂದು ಹೆದರುವವರು ಇದನ್ನು ತಿಳಿದಿರಬೇಕು.

ಗಂಡುಮಕ್ಕಳಿಗೆ ಇನ್ನೊಂದು ಬಲೆ ಇದೆ. ಹುಡುಗಿಯ ಹೆಸರಿನಲ್ಲಿ ಸ್ನೇಹ ಮಾಡಿ, ಬೆತ್ತಲೆ ಫೋಟೋ ಕೇಳುತ್ತಾರೆ. ಕಳಿಸಿದ ಮರುಕ್ಷಣ ಹಣ ಕೇಳುತ್ತಾರೆ. ಕೊಡದಿದ್ದರೆ ನಿಮ್ಮ ಅಪ್ಪನಿಗೆ ಕಳಿಸುತ್ತೇವೆ ಅನ್ನುತ್ತಾರೆ. ಒಂದು ರೂಪಾಯಿಯೂ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಈಗ ಬರೀ ಮುಖದ ಫೋಟೋ ಸಿಕ್ಕರೂ ಕಂಪ್ಯೂಟರಿನಿಂದ ಬೆತ್ತಲೆ ಚಿತ್ರ ಮಾಡಿಬಿಡುತ್ತಾರೆ. ಆದ್ದರಿಂದ ಅಂಥ ಚಿತ್ರ ಕಂಡ ಕೂಡಲೇ ಮಗು ತಪ್ಪು ಮಾಡಿದೆ ಎಂದು ತಿಳಿಯಬೇಡಿ.

ಮಕ್ಕಳ ಸಹಾಯವಾಣಿ ನಂಬರು 1098. ದುಡ್ಡಿಲ್ಲ, ಹಗಲೂ ರಾತ್ರಿಯೂ ಎತ್ತುತ್ತಾರೆ. ಮಗು ತಾನೇ ಮಾಡಬಹುದು. ಸೈಬರ್ ಅಪರಾಧಕ್ಕೆ 1930. ಹಣ ಹೋಗಿದ್ದರೆ ಇದಕ್ಕೆ ತಡಮಾಡದೆ ಫೋನು ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸಿಇಎನ್ ಎಂಬ ಪೊಲೀಸ್ ಠಾಣೆ ಇದೆ. ಅಲ್ಲಿ ಸೈಬರ್ ಅಪರಾಧ ನೋಡುತ್ತಾರೆ. ಅದು ದೂರವಾದರೆ ಹತ್ತಿರದ ಠಾಣೆಗೇ ಹೋಗಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಕಾನೂನಿದೆ. ಅವರು ಯಾರು ಎಂದು ಕೇಳಿ.

ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, “ನಾನು ಇರಬಾರದು” ಎಂಬಂಥ ಮಾತು ಆಡಿದರೆ ತಮಾಷೆ ಎಂದು ಬಿಡಬೇಡಿ. ಒಂಟಿಯಾಗಿ ಬಿಡಬೇಡಿ. 14416 ನಂಬರಿಗೆ ಫೋನು ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ. ಮನಸ್ಸಿನ ನೋವಿಗೆ ಜಿಲ್ಲಾ ಆಸ್ಪತ್ರೆಯಲ್ಲೂ ಡಾಕ್ಟರು ಇರುತ್ತಾರೆ.

ದೂರನ್ನು ಬಾಯಲ್ಲಿ ಹೇಳಿದರೂ ಪೊಲೀಸರು ಬರೆದುಕೊಳ್ಳಬೇಕು. ಆದರೂ ಬರೆದು ಕೊಡುವುದು ಒಳ್ಳೆಯದು. ಅರ್ಜಿ ಬರೆಯುವವರಿಗೆ ದುಡ್ಡು ಕೊಡಬೇಕಿಲ್ಲ. ನೀವೇ ಬರೆಯಿರಿ. ಹೀಗೆ:

“ಠಾಣಾಧಿಕಾರಿಗಳಿಗೆ. ನಾನು ಇಂಥ ಊರಿನ ಇಂಥವಳು. ನನ್ನ ಮಗಳಿಗೆ 14 ವರ್ಷ. ಇಂಥ ತಾರೀಖು, ಇಷ್ಟು ಗಂಟೆಗೆ, ಈ ನಂಬರಿನಿಂದ ಅವಳ ಫೋಟೋವನ್ನು ಕೆಟ್ಟದಾಗಿ ಮಾಡಿ ಕಳಿಸಿದ್ದಾರೆ. ಹಣ ಕೊಡದಿದ್ದರೆ ಎಲ್ಲರಿಗೂ ಕಳಿಸುವುದಾಗಿ ಹೆದರಿಸಿದ್ದಾರೆ. ಸಾಕ್ಷಿ ನನ್ನ ಫೋನಿನಲ್ಲಿದೆ. ಕ್ರಮ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.”

ಕೆಳಗೆ ನಿಮ್ಮ ಸಹಿ ಹಾಕಿ, ತಾರೀಖು ಬರೆಯಿರಿ. ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಠಾಣೆಯ ಮೊಹರು ಹಾಕಿಸಿಕೊಂಡು ಮನೆಗೆ ತನ್ನಿ. ಎಫ್‌ಐಆರ್ ಬರೆದುಕೊಂಡರೆ ಅದರ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. “ಇದು ನಮ್ಮ ಠಾಣೆಗೆ ಬರುವುದಿಲ್ಲ” ಎಂದು ನಿಮ್ಮನ್ನು ವಾಪಸು ಕಳಿಸುವ ಹಾಗಿಲ್ಲ. ಯಾವ ಠಾಣೆಯಲ್ಲಾದರೂ ಬರೆದುಕೊಂಡು, ಸೇರಬೇಕಾದ ಠಾಣೆಗೆ ಅವರೇ ಕಳಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಇದನ್ನು ಬರೆದೇ ಇದ್ದಾರೆ. ಪ್ರತಿ ಕೈಗೆ ಬಂದ ಮೇಲೆ ಅಲ್ಲೇ ನಿಂತು ಒಮ್ಮೆ ಓದಿ. ನೀವು ಹೇಳಿದ ತಾರೀಖು, ನಂಬರು ಸರಿಯಾಗಿವೆಯೇ ನೋಡಿ. ತಪ್ಪಿದ್ದರೆ ಆಗಲೇ ಹೇಳಿ, ತಿದ್ದಿಸಿಕೊಳ್ಳಿ.