ನಿಮಗಿದು ಗೊತ್ತೆ? ಮುರಿದ ಫಿನ್‌ಗೆ ಹಿತ್ತಾಳೆಯ ಬೆಸುಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ. ಅವುಗಳ ಸಿಲಿಂಡರ್ ಸುತ್ತಲಿನ ತೆಳು ಫಿನ್‌ಗಳು ಎಂಜಿನ್ನಿನ ಬಿಸಿಯನ್ನು ಗಾಳಿಗೆ ಬಿಡುತ್ತವೆ. ಆದರೆ ಅವುಗಳ ಬೀಡು ಕಬ್ಬಿಣ ಬಾಗುವುದಿಲ್ಲ, ಪೆಟ್ಟು ಬಿದ್ದರೆ ಮುರಿಯುತ್ತದೆ. ಅಷ್ಟಕ್ಕೇ ಹಳೆಯ ಸಿಲಿಂಡರನ್ನು ಗುಜರಿಗೆ ಹಾಕಬೇಡಿ! ಮುರಿದ ಚೂರನ್ನು ಎತ್ತಿಟ್ಟುಕೊಳ್ಳಿ. ನುರಿತ ವೆಲ್ಡರ್ ಇಡೀ ಸಿಲಿಂಡರನ್ನು ಸಮನಾಗಿ ಕಾಯಿಸಿ, ಹಿತ್ತಾಳೆ ಕಡ್ಡಿಯಿಂದ ಆ ಚೂರನ್ನು ಬೆಸೆಯುತ್ತಾರೆ. ಹಿತ್ತಾಳೆ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬೀಡು ಕರಗಲು 1,100 ಡಿಗ್ರಿ ದಾಟಬೇಕು. ಹಾಗಾಗಿ ಮೂಲ ಲೋಹಕ್ಕೆ ಧಕ್ಕೆಯಿಲ್ಲ. ನಿಜವಾದ ತಾಳ್ಮೆ ಬೇಕಿರುವುದು ಆಮೇಲೆ: ಸಿಲಿಂಡರನ್ನು ಒಣ ಮರಳಿನಲ್ಲಿ ಹೂತು ಗಂಟೆಗಟ್ಟಲೆ ಆರಲು ಬಿಡಬೇಕು. ಅವಸರಪಟ್ಟು ನೀರು ಸುರಿದರೆ ಹೊಸ ಬಿರುಕು ಬಿಡುತ್ತದೆ. ಪಿಸ್ಟನ್ ಓಡಾಡುವ ಬೋರ್ ಸೊಟ್ಟಗಾಗಿಲ್ಲವೆಂದು ಅಳೆದು ನೋಡಿದ ಮೇಲೆಯೇ ಜೋಡಣೆ.