ಗೇಣಗಲದಲ್ಲಿ ಸ್ವೆಟರಿನ ಲೆಕ್ಕ

ಸ್ವೆಟರ್ ಹೆಣೆಯುವ ಮೊದಲು ಅದೇ ದಾರ, ಅದೇ ಕಡ್ಡಿಗಳಲ್ಲಿ ಹೆಣೆದು ನೋಡುವ ಸಣ್ಣ ಚೌಕಕ್ಕೆ ಸ್ವಾಚ್ ಎಂದು ಹೆಸರು. ಮಾದರಿ ತುಂಡು ಎಂದರೂ ಸರಿ. 10 ಸೆಂಟಿಮೀಟರ್ ಅಗಲದಲ್ಲಿ ಎಷ್ಟು ಕುಣಿಕೆ, ಅಷ್ಟೇ ಎತ್ತರದಲ್ಲಿ ಎಷ್ಟು ಸಾಲು ಬರುತ್ತದೆಂದು ಅದು ತಿಳಿಸುತ್ತದೆ. ಈ ಜೋಡಿ ಸಂಖ್ಯೆಯೇ ಗೇಜ್. ದಾರದ ದಪ್ಪ, ಕಡ್ಡಿಯ ಅಳತೆಗಳ ಜೊತೆ ಹೆಣೆಯುವವರ ಕೈಬಿಗಿಯೂ ಸೇರಿ ಗೇಜ್ ನಿರ್ಧಾರವಾಗುತ್ತದೆ. ಹಾಗಾಗಿ ಒಂದೇ ಉಂಡೆಯ ದಾರ, ಒಂದೇ ಜೊತೆ ಕಡ್ಡಿ ಹಿಡಿದರೂ ತಾಯಿಯ ಗೇಜ್ ಮಗಳಿಗೆ ಬರುತ್ತದೆಂಬ ಖಾತರಿಯಿಲ್ಲ.

ಎರಡು ಕುಣಿಕೆಯ ವ್ಯತ್ಯಾಸದಿಂದ ಏನಾದೀತು ಎನ್ನುವವರು ಒಂದು ಲೆಕ್ಕ ಹಾಕಿ ನೋಡಬೇಕು. 10 ಸೆಂಟಿಮೀಟರಿಗೆ 20 ಕುಣಿಕೆಯಂತೆ ಎದೆಸುತ್ತು 100 ಸೆಂಟಿಮೀಟರ್ ಇರುವ ಸ್ವೆಟರಿಗೆ 200 ಕುಣಿಕೆ ಬೇಕು. ಕೈ ಸ್ವಲ್ಪ ಬಿಗಿಯಾಗಿ, 20ರ ಜಾಗದಲ್ಲಿ 22 ಬಂದರೆ ಅದೇ 200 ಕುಣಿಕೆಯ ಸ್ವೆಟರ್ 91 ಸೆಂಟಿಮೀಟರಿಗೆ ಇಳಿಯುತ್ತದೆ. ಅಣ್ಣನಿಗೆಂದು ಹೆಣೆದದ್ದು ತಮ್ಮನ ಪಾಲಾಗುವುದು ಹೀಗೆ. ಸಾಲುಗಳ ಲೆಕ್ಕವನ್ನು ಹಲವರು ಕಡೆಗಣಿಸುತ್ತಾರೆ. ಮೈಯ ಉದ್ದವನ್ನು ಟೇಪು ಹಿಡಿದು ಸರಿಪಡಿಸಿಕೊಳ್ಳಬಹುದು ನಿಜ. ಆದರೆ ಕತ್ತಿನಿಂದ ಕಂಕುಳಿನವರೆಗೆ ಓರೆಯಾಗಿ ಇಳಿಯುವ ರಾಗ್ಲಾನ್ ತೋಳಿನಲ್ಲಿ ಕುಣಿಕೆ ಹೆಚ್ಚಿಸುವುದು ಸಾಲಿನ ಲೆಕ್ಕದ ಮೇಲೆಯೇ. ಅಲ್ಲಿ ಸಾಲು ತಪ್ಪಿದರೆ ಕಂಕುಳು ತಪ್ಪುತ್ತದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಹೆಣಿಗೆಯಲ್ಲಿ ಅಷ್ಟು ಚಿಕ್ಕ ಪರೀಕ್ಷೆ ಸಾಲದು. ಅಂಚಿನ ಕುಣಿಕೆಗಳು ಒಳಗಿನವುಗಳಂತೆ ಇರುವುದಿಲ್ಲ. ಸಣ್ಣ ತುಂಡಿನಲ್ಲಿ ಅಂಚೇ ಹೆಚ್ಚು. ಹೊಸ ದಾರಕ್ಕೆ ಬೆರಳು ಒಗ್ಗಿಕೊಳ್ಳಲೂ ಕೆಲವು ಸಾಲು ಬೇಕು. ಆದ್ದರಿಂದ ಚೌಕ ಕನಿಷ್ಠ 15 ಸೆಂಟಿಮೀಟರ್ ಇರಬೇಕು, ಅಳೆಯುವುದು ಅದರ ನಡುವಿನ 10 ಸೆಂಟಿಮೀಟರನ್ನು ಮಾತ್ರ. ಮುಮ್ಮಗ್ಗುಲಲ್ಲಿ ನಿಟ್ (ಸೀದಾ ಕುಣಿಕೆ), ಹಿಮ್ಮಗ್ಗುಲಲ್ಲಿ ಪರ್ಲ್ (ಉಲ್ಟಾ ಕುಣಿಕೆ) ಹಾಕಿದ ನಯವಾದ ಹೆಣಿಗೆ ಅಂಚಿನಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಸುತ್ತಲೂ ನಾಲ್ಕೈದು ಕುಣಿಕೆಯಷ್ಟು ಬರೀ ನಿಟ್ ಸಾಲುಗಳ ಚೌಕಟ್ಟು ಕೊಟ್ಟರೆ ತುಂಡು ಮಟ್ಟಸವಾಗಿ ಮಲಗುತ್ತದೆ. ಅಳೆಯುವಾಗ ಅರ್ಧ ಕುಣಿಕೆಯನ್ನೂ ಬಿಡದೆ ಎಣಿಸಬೇಕು.

ಕಡ್ಡಿಯಿಂದ ಇಳಿಸಿದ ಕೂಡಲೇ ಅಳೆದರೆ ಕೆಲಸ ಅರ್ಧ ಮಾತ್ರ ಆದಂತೆ. ಸ್ವೆಟರನ್ನು ಮುಂದೆ ಹೇಗೆ ಒಗೆಯಲಾಗುತ್ತದೋ ತುಂಡನ್ನೂ ಹಾಗೆಯೇ ಒಗೆದು, ಒಣಗಿಸಿ, ಮತ್ತೆ ಅಳೆಯಬೇಕು. ಉಣ್ಣೆ ನೀರು ಕುಡಿದ ಮೇಲೆ ಅರಳಿ ಕುಣಿಕೆಗಳ ನಡುವಿನ ಸಂದು ತುಂಬುತ್ತದೆ. ಯಂತ್ರದಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಉಣ್ಣೆ ನೀರಿಗೆ ಬಿದ್ದರೆ ಹಿಗ್ಗುತ್ತದೆ. ಹತ್ತಿ ಒಗೆತದಲ್ಲಿ ಕುಗ್ಗಬಹುದು. ತೊಟ್ಟ ಮೇಲೆ ತನ್ನ ಭಾರಕ್ಕೇ ಜೋತುಬೀಳಲೂಬಹುದು. ಇದನ್ನು ಮೊದಲೇ ಅರಿಯಲು ಅನುಭವಿಗಳು ತುಂಡಿನ ಕೆಳಗೆ ಒಂದಷ್ಟು ಭಾರ ಕಟ್ಟಿ ದಿನವಿಡೀ ತೂಗುಹಾಕುತ್ತಾರೆ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದೇ ಕರೆಯುವ ದಾರದಲ್ಲಿ ಬಹಳಷ್ಟು ಅಕ್ರಿಲಿಕ್. ಅದಕ್ಕೆ ಬಿಸಿ ಇಸ್ತ್ರಿ ತಗುಲಿದರೆ ಪುಟಿತ ಹೋಗಿ ಬಟ್ಟೆ ಜೋಲಾಗುತ್ತದೆ, ಮತ್ತೆ ಹಿಂದಿನಂತಾಗುವುದಿಲ್ಲ. ಆ ಪಾಠ ಇಡೀ ಸ್ವೆಟರಿನ ಮೇಲೆ ಆಗುವ ಬದಲು ಒಂದು ಚೌಕದ ಮೇಲೆ ಆಗುವುದು ಎಷ್ಟೋ ಮೇಲು.

ಸ್ವೆಟರನ್ನು ಕೊಳವೆಯಂತೆ ಸುತ್ತಾಗಿ ಹೆಣೆಯುವುದಾದರೆ ತುಂಡನ್ನೂ ಸುತ್ತಾಗಿಯೇ ಹೆಣೆಯಬೇಕು. ಪರ್ಲ್ ಸಾಲು ಹಲವರ ಕೈಯಲ್ಲಿ ಸಡಿಲವಾಗಿ ಬರುತ್ತದೆ. ಸುತ್ತು ಹೆಣಿಗೆಯ ನಯವಾದ ಬಟ್ಟೆಯಲ್ಲಿ ಪರ್ಲ್ ಸಾಲೇ ಇಲ್ಲದ ಕಾರಣ ಗೇಜ್ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಇದಕ್ಕೆ ಸೊಗಸಾದ ದಾರಿ ತೋರಿಸಿದರು: ಚೌಕದ ಬದಲು ಒಂದು ಟೋಪಿ ಹೆಣೆಯುವುದು. ಗೇಜೂ ಸಿಗುತ್ತದೆ, ತಲೆಗೊಂದು ಟೋಪಿಯೂ ಉಳಿಯುತ್ತದೆ. 1971ರಲ್ಲಿ ‘ನಿಟಿಂಗ್ ವಿತೌಟ್ ಟಿಯರ್ಸ್’ ಪುಸ್ತಕ ಬರೆದ ಈಕೆ, ಗೇಜನ್ನು ಎದೆಸುತ್ತಿನಿಂದ ಗುಣಿಸಿ ಬಂದ ಸಂಖ್ಯೆಯನ್ನು ನೂರು ಎಂದಿಟ್ಟುಕೊಂಡು ತೋಳು, ಕತ್ತುಗಳನ್ನು ಅದರ ಶೇಕಡಾವಾರು ಭಾಗಗಳಾಗಿ ಲೆಕ್ಕ ಹಾಕುವ ಕ್ರಮವನ್ನು ಬಳಕೆಗೆ ತಂದರು. ಸಿದ್ಧ ವಿನ್ಯಾಸದ ಹಂಗಿಲ್ಲದೆ ಸ್ವೆಟರ್ ಹೆಣೆಯಲು ಈ ಕ್ರಮ ಅನೇಕರಿಗೆ ಧೈರ್ಯ ಕೊಟ್ಟಿತು. ಅದೂ ನಿಂತಿರುವುದು ಒಂದು ಮಾದರಿ ತುಂಡಿನ ಮೇಲೆಯೇ.

ಬೇರೊಬ್ಬರ ವಿನ್ಯಾಸ ಹೆಣೆಯುವವರಿಗೆ ತುಂಡು ಒಂದು ತಾಳೆ ನೋಡುವ ಸಾಧನ. ಹೊಸದಾಗಿ ವಿನ್ಯಾಸ ಮಾಡುವವರಿಗಾದರೋ ವಿನ್ಯಾಸ ಹುಟ್ಟುವುದೇ ಅದರಲ್ಲಿ. ಒಂದೇ ದಾರವನ್ನು ಮೂರು ಅಳತೆಯ ಕಡ್ಡಿಗಳಲ್ಲಿ ಹೆಣೆದರೆ ಒಂದು ರಟ್ಟಿನಂತೆ ಸೆಟೆಯುತ್ತದೆ, ಒಂದು ಬಲೆಯಂತಾಗುತ್ತದೆ, ನಡುವಿನದು ಮೈಗೆ ಒಪ್ಪುತ್ತದೆ. ಜಡೆಯಂತೆ ಹೆಣೆದುಕೊಳ್ಳುವ ಕೇಬಲ್ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ, ಲೇಸು ಹರಡಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಬೇರೆ ತುಂಡು ಬೇಕು. ಆಮೇಲೆ ಲೆಕ್ಕ. 22 ಕುಣಿಕೆಯ ಗೇಜಿನಲ್ಲಿ 100 ಸೆಂಟಿಮೀಟರಿಗೆ 220 ಕುಣಿಕೆ. ಚಿತ್ತಾರ 12 ಕುಣಿಕೆಗೊಮ್ಮೆ ಮರುಕಳಿಸುವುದಾದರೆ 220 ಹೊಂದುವುದಿಲ್ಲ, 216 ಅಥವಾ 228 ಆಗಬೇಕು. ಮೊದಲನೆಯದು 98 ಸೆಂಟಿಮೀಟರ್, ಎರಡನೆಯದು 104ರ ಹತ್ತಿರ. ಬಿಗಿಯೋ ಸಡಿಲವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ದಾರ ಎಷ್ಟು ಕೊಳ್ಳಬೇಕೆಂಬುದಕ್ಕೂ ತುಂಡೇ ಉತ್ತರ: ಅಡುಗೆಮನೆಯ ತಕ್ಕಡಿಯಲ್ಲಿ 15 ಸೆಂಟಿಮೀಟರ್ ಚೌಕ 9 ಗ್ರಾಂ ತೂಗಿದರೆ, ಅದರ 40 ಪಟ್ಟು ವಿಸ್ತಾರದ ಸ್ವೆಟರಿಗೆ 360 ಗ್ರಾಂ. ಅಂಚು, ಕತ್ತುಪಟ್ಟಿಗಳಿಗೆಂದು ಒಂದು ಉಂಡೆ ಹೆಚ್ಚು ತರುವುದು ಕ್ಷೇಮ.

ಪ್ರತಿ ತುಂಡಿಗೂ ಚೀಟಿ ಕಟ್ಟಿ ದಾರದ ಹೆಸರು, ಬಣ್ಣದ ಲಾಟ್ ಸಂಖ್ಯೆ, ಒಗೆಯುವ ಮುಂಚಿನ ಮತ್ತು ನಂತರದ ಅಳತೆಗಳನ್ನು ಬರೆದಿಡಬೇಕು. ಕಡ್ಡಿಯ ಅಳತೆಯನ್ನು ಮಿಲಿಮೀಟರಿನಲ್ಲೇ ಬರೆಯುವುದು ಮುಖ್ಯ. ಹಳೆಯ ಬ್ರಿಟಿಷ್ ಕ್ರಮದಲ್ಲಿ 10 ನಂಬರ್ ಎಂದರೆ 3.25 ಮಿಲಿಮೀಟರ್, ಅಮೆರಿಕದ 10 ನಂಬರ್ 6 ಮಿಲಿಮೀಟರ್. ತುಂಡನ್ನು ಬಿಚ್ಚದೆ ಸ್ವೆಟರಿನ ಜೊತೆಯಲ್ಲೇ ಪ್ರತಿ ಸಲ ಒಗೆದು ಇಟ್ಟುಕೊಂಡರೆ ಎರಡರ ಬಣ್ಣವೂ ಒಂದೇ ಸಮ ಮಾಸುತ್ತದೆ. ವರ್ಷಗಳ ಮೇಲೆ ಮೊಣಕೈ ಸವೆದು ತೂತಾದಾಗ, ತೇಪೆಗೆ ಹೊಂದುವ ದಾರ ಆ ಚೌಕದಲ್ಲೇ ಸಿಗುತ್ತದೆ.