ಸೋರುವ ಕಾರ್ ಶೆಡ್: ಹೊಸ ಶೀಟಿಗೆ ಮುಂಚೆ ಹಳೆಯ ಶೀಟಿನ ಬಗ್ಗೆ ಯೋಚಿಸಿ

ಇಪ್ಪತ್ತು, ಮೂವತ್ತು ವರ್ಷಗಳ ಹಿಂದೆ ಕಟ್ಟಿದ ನಮ್ಮ ಕಾರ್ ಶೆಡ್ಡು, ಕೊಟ್ಟಿಗೆ, ಗೋದಾಮುಗಳಲ್ಲಿ ಹಲವಕ್ಕೆ ಹೊದಿಸಿರುವುದು ಬೂದು ಬಣ್ಣದ, ಅಲೆಅಲೆಯಾದ ಸಿಮೆಂಟ್ ಶೀಟು. ಮಳೆಗಾಲದಲ್ಲಿ ಅದು ಸೋರತೊಡಗಿದರೆ ವೆಲ್ಡಿಂಗ್ ಅಂಗಡಿಯವರನ್ನು ಕರೆದು ಹೊಸ ಶೀಟಿನ ರೇಟು ಕೇಳುತ್ತೇವೆ. ಹಳೆಯ ಶೀಟನ್ನು ಏನು ಮಾಡುವುದು ಎಂದು ಕೇಳುವವರು ಕಡಿಮೆ. ಸುತ್ತಿಗೆಯಿಂದ ಒಡೆದು ಕೆಳಗೆ ಬೀಳಿಸಿ, ಚೂರುಗಳನ್ನು ಪಕ್ಕದ ಖಾಲಿ ಸೈಟಿಗೆ ಸುರಿದರೆ ಕೆಲಸ ಬೇಗ ಮುಗಿಯುತ್ತದೆ, ಕೂಲಿಯೂ ಉಳಿಯುತ್ತದೆ. ಆದರೆ ಇಡೀ ಕೆಲಸದಲ್ಲಿ ಹೆಚ್ಚು ಅಪಾಯ ಇರುವುದು ಈ ಹಂತದಲ್ಲೇ.

ಶೀಟಿನೊಳಗೆ ಏನಿದೆ?

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎನ್ನುತ್ತಾರೆ. ಹೆಸರೇ ಹೇಳುವಂತೆ ಇದು ಕಲ್ಲಿನಲ್ಲಿ ಸಿಗುವ ನಾರು. ಬೆಂಕಿಗೆ ಸುಡುವುದಿಲ್ಲ, ಸುಲಭವಾಗಿ ತುಂಡಾಗುವುದಿಲ್ಲ. ಸಿಮೆಂಟಿಗೆ ಬಲ ಕೊಡಲು ಇದನ್ನು ಬೆರೆಸುತ್ತಾರೆ. ಶೀಟಿನ ತೂಕದಲ್ಲಿ ಇದರ ಪಾಲು ಸಾಮಾನ್ಯವಾಗಿ ಹತ್ತನೇ ಒಂದರಷ್ಟು. ಕಲ್ನಾರು ಇಲ್ಲದ ಸಿಮೆಂಟ್ ಶೀಟುಗಳೂ ಇವೆ, ಆದರೆ ಕಣ್ಣಿನಿಂದ ನೋಡಿ ವ್ಯತ್ಯಾಸ ಹೇಳಲಾಗದು, ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಹಾಗಾಗಿ ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇದೆ ಎಂದುಕೊಂಡೇ ಕೆಲಸ ಮಾಡುವುದು ಕ್ಷೇಮ.

"ಇದರ ಕೆಳಗೆ ಕೂತರೇ ಕ್ಯಾನ್ಸರ್" ಎಂದು ಹೆದರುವವರಿದ್ದಾರೆ. "ನಮ್ಮಪ್ಪನ ಕಾಲದಿಂದ ಇದೆ, ಯಾರಿಗೂ ಏನೂ ಆಗಿಲ್ಲ" ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಶೀಟು ಗಟ್ಟಿಯಾಗಿ, ಬಿರುಕಿಲ್ಲದೆ ಇರುವವರೆಗೆ ನಾರು ಸಿಮೆಂಟಿನೊಳಗೆ ಕಚ್ಚಿಕೊಂಡಿರುತ್ತದೆ, ಗಾಳಿಗೆ ಬರುವುದು ಬಹಳ ಕಡಿಮೆ. ಒಡೆದಾಗ, ಕೊರೆದಾಗ, ಕಟರ್ ಹಾಕಿ ಕತ್ತರಿಸಿದಾಗ, ಒಣಗಿರುವಾಗ ಬ್ರಷ್ ಹಾಕಿ ತಿಕ್ಕಿದಾಗ ಅದು ದೂಳಾಗಿ ಏಳುತ್ತದೆ. ಈ ಎಳೆಗಳು ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಹೋದ ಎಳೆಗಳಲ್ಲಿ ಕೆಲವನ್ನು ದೇಹ ಹೊರಹಾಕಲಾರದು.

ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ತಗಲುವ ಮೀಸೊಥೀಲಿಯೋಮಾ ಎಂಬ ಕ್ಯಾನ್ಸರ್, ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್ ಇದರಿಂದ ಬರುವ ಮುಖ್ಯ ಕಾಯಿಲೆಗಳು. ದೂಳು ಕುಡಿದವರು ಬೀಡಿ, ಸಿಗರೇಟನ್ನೂ ಸೇದುತ್ತಿದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಏರುತ್ತದೆ. ಕ್ಯಾನ್ಸರ್ ಕಾಣಿಸಿಕೊಳ್ಳುವುದು ಹಲವು ದಶಕಗಳ ನಂತರ. "ಯಾರಿಗೂ ಏನೂ ಆಗಿಲ್ಲ" ಎನಿಸುವುದಕ್ಕೆ ಇದೂ ಒಂದು ಕಾರಣ. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಕಲ್ನಾರಿಗೆ ನಿಷೇಧವಿದೆ. ಭಾರತದಲ್ಲಿ ಬಿಳಿ ಕಲ್ನಾರಿನ ಶೀಟು ಈಗಲೂ ತಯಾರಾಗುತ್ತದೆ.

ಬದಲಿಸಲೇಬೇಕೆ?

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಎಷ್ಟೋ ಸಲ ಶೀಟು ಗಟ್ಟಿಯಾಗೇ ಇರುತ್ತದೆ, ಸೋರುವುದು ಬೋಲ್ಟಿನ ತೂತಿನಲ್ಲಿ. ಬಿಸಿಲಿಗೆ ವಾಷರ್ ಒಣಗಿ ಸೀಳಿರುತ್ತದೆ, ಕೊಕ್ಕೆ ಬೋಲ್ಟು ತುಕ್ಕು ಹಿಡಿದಿರುತ್ತದೆ. ಹಳೆಯ ತೂತಿನಲ್ಲೇ ಹೊಸ ಬೋಲ್ಟು, ಹೊಸ ವಾಷರ್ ಹಾಕಿಸಿದರೆ ಸಣ್ಣ ಖರ್ಚಿನಲ್ಲಿ ಇನ್ನೂ ಕೆಲವು ವರ್ಷ ತಳ್ಳಬಹುದು. ಹೊಸದಾಗಿ ತೂತು ಕೊರೆಸಬೇಡಿ. ಶೀಟುಗಳೇ ಬಿರುಕು ಬಿಟ್ಟಿದ್ದರೆ, ಮೂಲೆಗಳು ಉದುರುತ್ತಿದ್ದರೆ ತೆಗೆಸುವುದೇ ಸರಿ.

ಇಳಿಸುವುದು ಹೇಗೆ?

ಯಾರೂ ಶೀಟಿನ ಮೇಲೆ ಕಾಲಿಡಬಾರದು. ಹಳೆಯ ಸಿಮೆಂಟ್ ಶೀಟು ಸೂಚನೆ ಕೊಡದೆ ಮುರಿಯುತ್ತದೆ, ಮೇಲಿದ್ದವರು ನೇರ ನೆಲಕ್ಕೆ ಬೀಳುತ್ತಾರೆ. ಕೆಳಗಿನಿಂದ, ಅಟ್ಟಣಿಗೆ ಕಟ್ಟಿಕೊಂಡು ಕೆಲಸ ಮಾಡಿಸಿ. ಕಾರು, ಸಾಮಾನುಗಳನ್ನು ಹೊರಗಿಟ್ಟು, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮಕ್ಕಳನ್ನು ದೂರವಿಡಿ.

ನೀರಿಗೆ ಸ್ವಲ್ಪ ಸೋಪಿನ ಪುಡಿ ಕಲಸಿ ಶೀಟಿನ ಎರಡೂ ಬದಿಗೆ ನಿಧಾನವಾಗಿ ಚಿಮುಕಿಸಿ. ಒದ್ದೆಯಾದರೆ ದೂಳು ಏಳುವುದು ಕಡಿಮೆ. ಪ್ರೆಷರ್ ವಾಷರ್ ಬೇಡ. ಬೋಲ್ಟು ಬಿಚ್ಚಿ ಅಥವಾ ಕತ್ತರಿಸಿ, ಶೀಟನ್ನು ಇಡಿಯಾಗಿ ಇಬ್ಬರು ಹಿಡಿದು ಇಳಿಸಬೇಕು, ಎಸೆಯಬಾರದು. ಬಟ್ಟೆಯ ಮಾಸ್ಕ್, ಕರವಸ್ತ್ರ ಈ ನಾರನ್ನು ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎಫ್‌ಎಫ್‌ಪಿ3 ಮಾಸ್ಕ್ ಬೇಕು. ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಶೀಟಿನ ಜೊತೆ ಕಟ್ಟಿಡಿ. ಕೆಲಸಕ್ಕೆ ಹಾಕಿಕೊಂಡ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಒಗೆಯಬೇಡಿ.

ಇಳಿಸಿದ ಶೀಟುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ "ಆಸ್ಬೆಸ್ಟಾಸ್" ಎಂದು ಬರೆಯಿರಿ. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳ ಪಟ್ಟಿಯಲ್ಲಿ ಬಿಸಾಡಿದ ಕಲ್ನಾರಿನ ಹೆಸರೂ ಇದೆ. ಹಾಗಾಗಿ ಕಸದ ಗಾಡಿಗೆ ಹಾಕದೆ, ಎಲ್ಲಿಗೆ ಒಪ್ಪಿಸಬೇಕೆಂದು ನಗರಸಭೆ ಅಥವಾ ಪಂಚಾಯಿತಿಯಲ್ಲಿ, ಅಲ್ಲಿ ಆಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಯಾರದೋ ಕೊಟ್ಟಿಗೆಗೆ ಬಿಟ್ಟಿ ಕೊಡುವುದು, ಪುಡಿ ಮಾಡಿ ಗುಂಡಿಗೆ ತುಂಬುವುದು ನಮ್ಮ ಅಪಾಯವನ್ನು ಬೇರೆಯವರಿಗೆ ದಾಟಿಸಿದಂತೆ.

ಹಣ ಎಲ್ಲಿ ಉಳಿಸಬಹುದು?

ಕಬ್ಬಿಣದ ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. 6 ಮಿಲಿಮೀಟರ್ ದಪ್ಪದ ಸಿಮೆಂಟ್ ಶೀಟು ಚದರ ಮೀಟರಿಗೆ 12 ಕಿಲೋಗಿಂತ ಹೆಚ್ಚು ತೂಗುತ್ತದೆ. ಅರ್ಧ ಮಿಲಿಮೀಟರಿನ ಬಣ್ಣದ ಉಕ್ಕಿನ ಶೀಟಿನ ತೂಕ ಸುಮಾರು ನಾಲ್ಕೈದು ಕಿಲೋ. ಭಾರದ ಚಿಂತೆ ಇಲ್ಲ, ಆದರೆ ಹಗುರ ಶೀಟನ್ನು ಗಾಳಿ ಸುಲಭವಾಗಿ ಎತ್ತುತ್ತದೆ. ಅಡ್ಡಪಟ್ಟಿಗಳು ತೀರಾ ದೂರವಿದ್ದರೆ ನಡುವೆ ಒಂದೊಂದು ಪೈಪು ಸೇರಿಸಿ. ತುಕ್ಕನ್ನು ಉಜ್ಜಿ ಪ್ರೈಮರ್ ಬಳಿಯಲು ಶೀಟು ಇಲ್ಲದ ಆ ಒಂದು ದಿನವೇ ಸರಿಯಾದ ಸಮಯ.

ಸ್ಕ್ರೂ, ವಾಷರುಗಳಲ್ಲಿ ಉಳಿತಾಯ ಬೇಡ, ಮತ್ತೆ ಸೋರುವುದು ಅಲ್ಲಿಂದಲೇ. ಉದ್ದಕ್ಕೆ ಎರಡು ಶೀಟು ಸೇರುವ ಕಡೆ ಕನಿಷ್ಠ ಆರು ಇಂಚು ಒಂದರ ಮೇಲೊಂದು ಬರಲಿ. ಮುಂಗಾರು ಗಾಳಿ ನಮ್ಮಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಶೀಟುಗಳ ಸಾಲು ಪೂರ್ವ-ಪಶ್ಚಿಮವಾಗಿದ್ದರೆ ಪೂರ್ವದ ತುದಿಯಿಂದ ಹೊದಿಸುತ್ತಾ ಬನ್ನಿ. ಆಗ ಜೋಡಣೆಯ ಬಾಯಿ ಮಳೆಗೆ ಬೆನ್ನು ಹಾಕಿರುತ್ತದೆ.

ರೇಟು ಕೇಳುವಾಗ ಶೀಟಿನ ದಪ್ಪ, ಸ್ಕ್ರೂ, ಕೂಲಿ ಇವುಗಳ ಜೊತೆಗೆ ಹಳೆಯ ಶೀಟನ್ನು ಇಡಿಯಾಗಿ ಇಳಿಸಿ ಸುತ್ತಿಕೊಡುವ ಕೆಲಸವನ್ನೂ ಬೇರೆ ಸಾಲಿನಲ್ಲಿ ಬರೆಸಿ. ಆ ಸಾಲಿಗೆ ಒಂದು ದಿನದ ಕೂಲಿ ಹೆಚ್ಚಾಗಬಹುದು. ಶೀಟು ಇಳಿಸುವ ಹುಡುಗರಿಗೆ ಇದು ದಿನವೂ ಮಾಡುವ ಕೆಲಸ, ನಮಗಿಂತ ಹೆಚ್ಚು ದೂಳು ಕುಡಿಯುವವರು ಅವರೇ.